ಮನೆ ಹಿಂದಿನ ಕಾಡಿನಲ್ಲಿ ಕಳೆ ಕೀಳುವವರು ಗಿಡ ಯಾಕೆ ನೆಡುವುದಿಲ್ಲ?

ಪ್ರಶ್ನೆ: ಸಿಡ್ನಿಯ ಪಶ್ಚಿಮ ಭಾಗದಲ್ಲಿ ಮನೆ ಕೊಂಡು ಒಂದು ವರ್ಷವಾಯಿತು. ಹಿತ್ತಲ ಬೇಲಿಯ ಆಚೆ ಒಂದು ಸಣ್ಣ ಹಳ್ಳ, ಅದರ ಅಕ್ಕಪಕ್ಕ ಕೆಲವು ಎಕರೆ ಕಾಡು ಉಳಿದುಕೊಂಡಿದೆ. ತಿಂಗಳಿಗೊಂದು ಶನಿವಾರ ಏಳೆಂಟು ಜನ, ಹೆಚ್ಚಿನವರು ವಯಸ್ಸಾದವರು, ಬಂದು ನೆಲದ ಮೇಲೆ ಕೂತು ಕಳೆ ಕೀಳುತ್ತಾರೆ. ‘ಬುಷ್‌ಕೇರ್, ಸ್ವಯಂಸೇವಕರಿಗೆ ಸ್ವಾಗತ’ ಎಂಬ ಕೌನ್ಸಿಲ್‌ನ, ಅಂದರೆ ಇಲ್ಲಿನ ನಗರಸಭೆಯ, ಬೋರ್ಡೂ ಇದೆ. ಮಾತಾಡಿಸಿದಾಗ ಹದಿನೈದು ವರ್ಷದಿಂದ ಇದನ್ನೇ ಮಾಡುತ್ತಿದ್ದೇವೆ ಎಂದರು. ಅವರು ಒಂದು ಸಸಿಯನ್ನೂ ನೆಟ್ಟಿದ್ದು ನಾನು ನೋಡಿಲ್ಲ. ಇದರಿಂದ ನಿಜವಾಗಿ ಉಪಯೋಗವಿದೆಯೇ? ಇದಕ್ಕೆ ಕೊನೆ ಅಂತ ಇದೆಯೇ? ಗಿಡಗಳ ಹೆಸರೇ ಗೊತ್ತಿಲ್ಲದ ನಾವು ಸೇರಬಹುದೇ? ಊರಿಂದ ಬರಲಿರುವ ನಮ್ಮ ತಂದೆ ರೈತರು, ಅವರನ್ನೂ ಕರೆದೊಯ್ಯಬಹುದೇ? ಬೆಂಗಳೂರಿನಲ್ಲೂ ಹೀಗೆ ಮಾಡಲು ಸಾಧ್ಯವೇ?

ಉತ್ತರ: ಸಸಿ ಯಾಕೆ ನೆಡುವುದಿಲ್ಲ ಎಂಬ ಪ್ರಶ್ನೆಯಲ್ಲೇ ಈ ಕೆಲಸದ ಮುಕ್ಕಾಲು ಪಾಲು ಅಡಗಿದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಬೇಲಿಯಾಚೆಯ ಮಣ್ಣಿನಲ್ಲಿ ಆ ಕಾಡಿನ ಬೀಜ ಈಗಾಗಲೇ ಇದೆ. ವ್ಯಾಟಲ್ ಎಂದು ಇಲ್ಲಿನವರು ಕರೆಯುವ ಅಕೇಶಿಯಾಗಳ ಗಟ್ಟಿ ಬೀಜ ದಶಕಗಟ್ಟಲೆ ನೆಲದೊಳಗೆ ಜೀವ ಹಿಡಿದು ಕೂತಿರುತ್ತದೆ. ಮೇಲೆ ಹಬ್ಬಿರುವ ಕಳೆಯನ್ನು ಸರಿಸಿ ಬೆಳಕು ಬೀಳುವಂತೆ ಮಾಡಿದರೆ ಹುಲ್ಲು, ಬಳ್ಳಿ, ಪೊದೆ ಒಂದೊಂದಾಗಿ ತಾವೇ ಏಳುತ್ತವೆ. ಕೆಲವಕ್ಕೆ ಬೆಂಕಿಯ ಬಿಸಿ ತಾಗಬೇಕು, ಇನ್ನು ಕೆಲವಕ್ಕೆ ಹೊಗೆ. ಹೀಗೆ ಎದ್ದ ಗಿಡ ಆ ಜಾಗದ್ದೇ ಸಂತಾನ. ಅಲ್ಲಿನ ಮಣ್ಣು, ಅಲ್ಲಿನ ಬರ, ಅಲ್ಲಿನ ಹುಳುಗಳ ಜೊತೆ ಸಾವಿರಾರು ವರ್ಷ ಬಾಳಿ ಬಂದದ್ದು. ನರ್ಸರಿಯಿಂದ ತಂದ ಸಸಿಗೆ ಆ ಚರಿತ್ರೆ ಇರುವುದಿಲ್ಲ. ಇನ್ನೊಂದು ತೊಂದರೆಯೂ ಇದೆ. ಗುಂಡಿ ತೋಡಿದಾಗಲೆಲ್ಲ ಮಣ್ಣು ಮೇಲೆ ಕೆಳಗಾಗಿ, ಒಳಗಿದ್ದ ಕಳೆಬೀಜಕ್ಕೂ ಬೆಳಕು ಸಿಗುತ್ತದೆ. ಮಣ್ಣು ತುಂಬಿಸಿ ಎತ್ತರಿಸಿದ ಜಾಗ, ವರ್ಷಗಟ್ಟಲೆ ಲಾನ್ ಆಗಿದ್ದ ಜಾಗ, ಕೊರೆದುಹೋದ ಹಳ್ಳದ ದಡ ಇಂಥ ಕಡೆ ಬೀಜ ಉಳಿದಿರುವುದಿಲ್ಲ. ಅಲ್ಲಿ ಮಾತ್ರ ಹತ್ತಿರದ ಕಾಡಿನಿಂದಲೇ ಬೀಜ ಆರಿಸಿ ಬೆಳೆಸಿದ ಸಸಿ ನೆಡುತ್ತಾರೆ. ಸಸಿ ನೆಡುವುದು ಕೊನೆಯ ಉಪಾಯ.

ಈ ಪದ್ಧತಿ ಹುಟ್ಟಿದ್ದೂ ಸಿಡ್ನಿಯಲ್ಲೇ. 1960ರ ದಶಕದಲ್ಲಿ ಮಾಸ್ಮನ್ ಎಂಬ ಬಡಾವಣೆಯಲ್ಲಿ ಐಲೀನ್ ಬ್ರಾಡ್ಲಿ ಮತ್ತು ಜೋನ್ ಬ್ರಾಡ್ಲಿ ಎಂಬ ಅಕ್ಕತಂಗಿಯರಿದ್ದರು. ಬಂದರಿನ ಅಂಚಿನ ಕಾಡಿನಲ್ಲಿ ಅಡ್ಡಾಡುವಾಗ ಕಳೆ ಕೀಳುವುದನ್ನು ರೂಢಿ ಮಾಡಿಕೊಂಡರು. ಒಮ್ಮೆಲೇ ಇಡೀ ಕಳೆಯನ್ನು ಕಡಿದು ಬೋಳಿಸಿದ ಕಡೆ ಕಳೆಯೇ ಮತ್ತೆ ದಟ್ಟವಾಗಿ ಬರುವುದನ್ನೂ, ತಾವು ಸ್ವಲ್ಪಸ್ವಲ್ಪವೇ ಕಿತ್ತ ಕಡೆ ಕಾಡು ಮರಳುವುದನ್ನೂ ಗಮನಿಸಿದರು. ಅದರಿಂದ ಮೂರು ನಿಯಮ ಕಟ್ಟಿದರು. ಕಾಡು ಚೆನ್ನಾಗಿ ಉಳಿದಿರುವ ಕಡೆಯಿಂದ ಶುರು ಮಾಡಿ ಕೆಟ್ಟಿರುವ ಕಡೆಗೆ ಸಾಗಬೇಕು. ಮಣ್ಣನ್ನು ಆದಷ್ಟು ಕದಡಬಾರದು, ಕಿತ್ತ ಮೇಲೆ ತರಗೆಲೆಯ ಹೊದಿಕೆಯನ್ನು ಮೊದಲಿದ್ದಂತೆ ಹರಡಬೇಕು. ಕಾಡು ಎಷ್ಟು ಬೇಗ ಮರಳಿ ಬೆಳೆಯುತ್ತದೋ ಅಷ್ಟೇ ವೇಗದಲ್ಲಿ ಕಳೆ ತೆಗೆಯಬೇಕು. ಮುಂದೆ ನ್ಯೂ ಸೌತ್ ವೇಲ್ಸ್‌ನ ನ್ಯಾಷನಲ್ ಟ್ರಸ್ಟ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆ ಈ ಪದ್ಧತಿಯನ್ನು ಕೈಗೆತ್ತಿಕೊಂಡಿತು. ಬಳಿಕ ಒಂದೊಂದೇ ಕೌನ್ಸಿಲ್ ಸ್ವಯಂಸೇವಕರ ಗುಂಪು ಕಟ್ಟಿತು. ನೀವು ನೋಡಿದ ಬೋರ್ಡಿನ ಹಿಂದೆ ಇಷ್ಟು ಕಥೆ ಇದೆ.

ಮೊದಲ ನಿಯಮ ಎಲ್ಲರಿಗೂ ತಲೆಕೆಳಗಾಗಿ ಕಾಣುತ್ತದೆ. ಎಲ್ಲಿ ಕಳೆ ಎದೆಯೆತ್ತರ ಬೆಳೆದಿದೆಯೋ ಅಲ್ಲಿಗೆ ಮೊದಲು ನುಗ್ಗಬೇಕು ಎಂದು ಮನಸ್ಸು ಹೇಳುತ್ತದೆ. ಆದರೆ ಅಲ್ಲಿ ಹತ್ತು ಜನ ಒಂದು ದಿನ ದುಡಿದು ಖಾಲಿ ಮಾಡಿದ ಜಾಗವನ್ನು ಕಳೆಯೇ ಮತ್ತೆ ತುಂಬುತ್ತದೆ, ಏಕೆಂದರೆ ಅದರ ಬೀಜವೇ ಅಲ್ಲಿ ಹೆಚ್ಚು. ಅದೇ ಹತ್ತು ಜನ ಒಳ್ಳೆಯ ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ಎದ್ದಿರುವ ಕಳೆ ತೆಗೆದರೆ ಎಷ್ಟೋ ದೊಡ್ಡ ಜಾಗ ಭದ್ರವಾಗುತ್ತದೆ, ತೆರವಾದ ಕಡೆಗೆ ಸುತ್ತಲಿನ ಕಾಡೇ ಬಂದು ಕೂರುತ್ತದೆ. ಬೇಲಿಯಿಂದ ನೋಡುವ ನಿಮಗೆ ರಸ್ತೆ ಪಕ್ಕದ ದೊಡ್ಡ ಪೊದೆ ಹಾಗೇ ಉಳಿದಿರುವುದು ಕಾಣುತ್ತದೆ, ಒಳಗಿನ ಕೆಲಸ ಕಾಣುವುದಿಲ್ಲ. ಹದಿನೈದು ವರ್ಷವಾದರೂ ಏನೂ ಆಗಿಲ್ಲ ಎನಿಸಲು ಇದೂ ಒಂದು ಕಾರಣ. ಮುಂದಿನ ಶನಿವಾರ ಅವರ ಜೊತೆ ಒಳಗೆ ನಡೆದು, ಮೊದಲು ಎಲ್ಲಿ ಕೆಲಸ ಮಾಡಿದಿರಿ ತೋರಿಸಿ ಎಂದು ಕೇಳಿ.

ಅವರು ಕೂತು ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಅಲಂಕಾರಕ್ಕೆಂದು ದಕ್ಷಿಣ ಆಫ್ರಿಕಾದಿಂದ ಬಂದ ಆಸ್ಪ್ಯಾರಗಸ್ ಫರ್ನ್ ಎಂಬ ಗಿಡ ಸಿಡ್ನಿಯ ಕಾಡುಗಳಲ್ಲಿ ದೊಡ್ಡ ಪಿಡುಗು. ನಮ್ಮ ಶತಾವರಿಯ ಹತ್ತಿರದ ಸಂಬಂಧಿ. ಕಿತ್ತರೆ ಬೇರಿನ ತುಂಬ ಬಿಳಿ ಗೆಡ್ಡೆಗಳು ಬರುತ್ತವೆ. ಹೊಸಬರು ಆ ಗೆಡ್ಡೆ ಒಂದೂ ಉಳಿಯಬಾರದೆಂದು ಮೊಳದುದ್ದ ಅಗೆಯುತ್ತಾರೆ, ಸುತ್ತಲಿನ ಹತ್ತು ಕಾಡುಗಿಡದ ಬೇರು ಕತ್ತರಿಸುತ್ತಾರೆ. ಆ ಗೆಡ್ಡೆಗಳು ಬರೀ ನೀರಿನ ಚೀಲ, ಅವುಗಳಿಂದ ಗಿಡ ಚಿಗುರುವುದಿಲ್ಲ. ಚಿಗುರುವುದು ಕಾಂಡಗಳು ಕೂಡುವ ಬುಡದ ಗಂಟಿನಿಂದ. ಕಿರಿದಾದ ಚಾಕುವಿನಿಂದ ಆ ಗಂಟಿನ ಸುತ್ತ ಬೇರು ಕುಯ್ದು, ಗಂಟನ್ನಷ್ಟೇ ಎತ್ತಿ ಚೀಲಕ್ಕೆ ಹಾಕಿ, ಗೆಡ್ಡೆಗಳನ್ನು ಮಣ್ಣಿನಲ್ಲೇ ಕೊಳೆಯಲು ಬಿಟ್ಟು, ತರಗೆಲೆ ಮುಚ್ಚಿದರೆ ಮುಗಿಯಿತು. ಕೈ ಪಳಗಿದವರಿಗೆ ಇದು ಕ್ಷಣದ ಕೆಲಸ, ಅಲ್ಲಿ ಯಾರೋ ಕೈಯಾಡಿಸಿದ್ದರು ಎಂಬ ಗುರುತೂ ಉಳಿಯುವುದಿಲ್ಲ.

ಮಡೀರಾ ಬಳ್ಳಿಯ ಗುಣ ಇದಕ್ಕೆ ಪೂರ್ತಿ ಬೇರೆ. ಇದು ಬಸಳೆಯ ಕುಟುಂಬದ್ದು. ದಪ್ಪ ಹಸಿರೆಲೆ ನೋಡಿದರೆ ಮಂಗಳೂರಿನವರಿಗೆ ಸಾರು ನೆನಪಾಗಬಹುದು. ಕಾಂಡದುದ್ದಕ್ಕೂ ಗಂಟುಗಂಟಾದ ಸಣ್ಣ ಗೆಡ್ಡೆಗಳು ನೇತಾಡುತ್ತವೆ. ಮರಕ್ಕೆ ಹಬ್ಬಿದ ಬಳ್ಳಿಯನ್ನು ಹಿಡಿದು ಎಳೆದರೆ ಅವೆಲ್ಲ ಮಳೆಯಂತೆ ಕೆಳಗೆ ಉದುರಿ, ಪ್ರತಿಯೊಂದೂ ಹೊಸ ಬಳ್ಳಿಯಾಗುತ್ತದೆ. ಅದಕ್ಕೆ ಬುಡದಲ್ಲಿ ಕಾಂಡದ ಸಿಪ್ಪೆಯನ್ನು ಒಂದು ಬದಿ ಉದ್ದಕ್ಕೆ ಕೆರೆದು, ಹಸಿ ಆರುವ ಮುಂಚೆ ಕಳೆನಾಶಕ ಸವರುತ್ತಾರೆ. ಬಳ್ಳಿ ಅದನ್ನು ತಾನೇ ಗೆಡ್ಡೆಗಳಿಗೆ ಸಾಗಿಸಿಕೊಳ್ಳುತ್ತದೆ. ಪ್ರಿವೆಟ್‌ನಂಥ ಪೊದೆಮರಗಳನ್ನು ಬುಡಕ್ಕೆ ಕತ್ತರಿಸಿ, ಕೆಲವೇ ಸೆಕೆಂಡಿನೊಳಗೆ ಕುಂಚದಿಂದ ಔಷಧ ಹಚ್ಚುತ್ತಾರೆ. ಔಷಧ ಎಂದರೆ ಗ್ಲೈಫೋಸೇಟ್. ಅದರ ಬಗ್ಗೆ ಅಂಜಿಕೆ ಇರುವವರು ಸ್ಪಷ್ಟವಾಗಿ ಹೇಳಿದರೆ ಯಾರೂ ಒತ್ತಾಯಿಸುವುದಿಲ್ಲ. ಎಷ್ಟೋ ಕೌನ್ಸಿಲ್‌ಗಳಲ್ಲಿ ತರಬೇತಿ ಪಡೆಯದವರು ಅದನ್ನು ಮುಟ್ಟುವಂತೆಯೇ ಇಲ್ಲ. ಇಡೀ ಪೊದೆಗೆ ಎರಚುವ ಪದ್ಧತಿಗೂ ಕತ್ತರಿಸಿದ ತುದಿಗೆ ತೊಟ್ಟು ಸವರುವುದಕ್ಕೂ ಅಜಗಜಾಂತರ ಇದೆ ಎಂಬುದನ್ನಷ್ಟೇ ಗಮನದಲ್ಲಿಡಿ.

ನಿಮ್ಮ ಕಾಡಿನ ವಿಷಯಕ್ಕೆ ಬರೋಣ. ಸಿಡ್ನಿಯ ಪಶ್ಚಿಮದ ಜೇಡಿ ನೆಲದಲ್ಲಿ ಒಂದು ಕಾಲಕ್ಕೆ ಹರಡಿದ್ದ ಕಾಡನ್ನು ಕಂಬರ್‌ಲ್ಯಾಂಡ್ ಬಯಲಿನ ಕಾಡು ಎನ್ನುತ್ತಾರೆ. ಹೊಲ, ಹುಲ್ಲುಗಾವಲು, ಈಗ ಬಡಾವಣೆ ಎಂದು ಕಡಿದು ಕಡಿದು ಮೂಲ ವಿಸ್ತೀರ್ಣದ ಹತ್ತನೇ ಒಂದು ಪಾಲೂ ಉಳಿದಿಲ್ಲ. 2009ರಲ್ಲಿ ಕೇಂದ್ರ ಸರ್ಕಾರ ಇದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಉಳಿದಿರುವುದು ಹೆಚ್ಚಾಗಿ ನಿಮ್ಮ ಹಿತ್ತಲಿನಂಥ ತುಂಡುಗಳು. ಆದ್ದರಿಂದ ಕೆಲವೇ ಎಕರೆ ಎಂದು ಅದನ್ನು ಹಗುರಾಗಿ ಕಾಣಬೇಡಿ.

ಕನ್ನಡಿಗರಿಗೆ ಈ ಕಾಡಿನ ಜೊತೆ ಹಳೆಯ ನಂಟೊಂದಿದೆ. ಇಲ್ಲಿನ ಮುಖ್ಯ ಮರಗಳಲ್ಲೊಂದು ಯೂಕಲಿಪ್ಟಸ್ ಟೆರೆಟಿಕಾರ್ನಿಸ್. ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಮೈಲಿಗಟ್ಟಲೆ ಬೆಳೆಸಿದ ನೀಲಗಿರಿ ಇದೇ. ನಂದಿಬೆಟ್ಟದ ತೋಪಿನಿಂದ ಹರಡಿದ ಆ ತಳಿಗೆ ಅರಣ್ಯಶಾಸ್ತ್ರಜ್ಞರು ‘ಮೈಸೂರು ಗಮ್’ ಎಂದೇ ಹೆಸರಿಟ್ಟಿದ್ದಾರೆ. ಅಂತರ್ಜಲ ಬತ್ತುತ್ತದೆ ಎಂಬ ರೈತರ ದೂರಿನ ಮೇಲೆ ಕರ್ನಾಟಕ 2017ರಲ್ಲಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಲ್ಲಿ ಹೊರಗಿನದಾದ ಮರ ಇಲ್ಲಿ ಉಳಿಸಿಕೊಳ್ಳಬೇಕಾದ ಮನೆಮಗ. ಅದರ ಬುಡದಲ್ಲಿ ಕೆಂಪಗೆ ತೆನೆ ಬಿಡುವ ಕಾಂಗರೂ ಹುಲ್ಲು, ಅಂದರೆ ಥೆಮೆಡಾ ಟ್ರಯಾಂಡ್ರಾ, ನಮ್ಮ ದಖ್ಖನಿನ ಹುಲ್ಲುಗಾವಲಿನಲ್ಲೂ ಬೆಳೆಯುವ ಅದೇ ಜಾತಿ. ಕೊಡಗಿನ ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿಗೆ ಆಸರೆಯಾದ ಸಿಲ್ವರ್ ಓಕ್ ಇದೇ ನ್ಯೂ ಸೌತ್ ವೇಲ್ಸ್ ರಾಜ್ಯದ ಉತ್ತರ ತುದಿಯ ಮರ. ಆದರೆ ಸಿಡ್ನಿಯ ಕಾಡಿನೊಳಗೆ ತಾನಾಗಿ ಎದ್ದರೆ ಅದನ್ನೂ ಕೀಳುತ್ತಾರೆ. ಯಾವ ಗಿಡವೂ ಹುಟ್ಟಿನಿಂದ ಕಳೆಯಲ್ಲ. ಅದು ಎಲ್ಲಿ ಬಂದು ನಿಂತಿದೆ, ಯಾರ ಜಾಗ ಕಬಳಿಸುತ್ತಿದೆ ಎಂಬುದರಿಂದ ತೀರ್ಮಾನ.

ಪಶ್ಚಿಮ ಸಿಡ್ನಿಯಲ್ಲಿ ಹಾಗೆ ಕಬಳಿಸುವುದರಲ್ಲಿ ಮುಂಚೂಣಿಯಲ್ಲಿರುವುದು ಆಫ್ರಿಕನ್ ಆಲಿವ್. ಹಣ್ಣನ್ನು ಹಕ್ಕಿ ತಿಂದು ಬೀಜ ಉದುರಿಸುತ್ತದೆ. ಮರ ದಟ್ಟವಾಗಿ ಮುಚ್ಚಿಕೊಂಡರೆ ಅಡಿಯಲ್ಲಿ ಹುಲ್ಲುಕಡ್ಡಿಯೂ ಉಳಿಯುವುದಿಲ್ಲ. ಈ ಕಾಡಿನ ಜೀವಾಳವೇ ನೆಲದ ಹುಲ್ಲು ಮತ್ತು ಸಣ್ಣ ಹೂಗಿಡಗಳು. ಆದ್ದರಿಂದ ಆಲಿವ್ ಸಣ್ಣದಿರುವಾಗಲೇ ತೆಗೆಯಬೇಕು. ಗೇಣುದ್ದದ ಸಸಿ ಕೈಗೆ ಬರುತ್ತದೆ, ಹತ್ತು ವರ್ಷದ ಮರಕ್ಕೆ ಗರಗಸ ಬೇಕು.

ಲಂಟಾನ ನಿಮಗೆ ಗೊತ್ತೇ ಇದೆ. ಬಂಡೀಪುರದ ದಾರಿಯಲ್ಲಿ ಎರಡೂ ಬದಿ ನೋಡಿರುತ್ತೀರಿ. ಭಾರತಕ್ಕೂ ಆಸ್ಟ್ರೇಲಿಯಕ್ಕೂ ಹತ್ತೊಂಬತ್ತನೇ ಶತಮಾನದಲ್ಲಿ ತೋಟದ ಹೂಗಿಡವಾಗಿ ಬಂದದ್ದು ಎರಡೂ ಕಡೆ ಕಾಡನ್ನು ನುಂಗಿತು. ಇದನ್ನು ಕಂಡಕೂಡಲೇ ಕಡಿಯಬೇಕು ಎನಿಸುವುದು ಸಹಜ. ಆದರೆ ಸಿಡ್ನಿಯ ಬಡಾವಣೆಗಳ ನಡುವೆ ದಟ್ಟ ಪೊದೆ ಎಂದು ಉಳಿದಿರುವುದೇ ಎಷ್ಟೋ ಕಡೆ ಲಂಟಾನ. ಫೇರಿ ರೆನ್ ಎಂಬ ಪುಟ್ಟ ನೀಲಿ ಹಕ್ಕಿ ಅಡಗುವುದು, ಗೂಡು ಕಟ್ಟುವುದು ಅದರೊಳಗೆ. ಒಂದೇ ವಾರಾಂತ್ಯದಲ್ಲಿ ಪೂರ್ತಿ ಬೋಳಿಸಿದರೆ ನಾಯ್ಸಿ ಮೈನರ್ ಎಂಬ ಜಗಳಗಂಟ ಹಕ್ಕಿ ಬಂದು ಸಣ್ಣವನ್ನೆಲ್ಲ ಓಡಿಸುತ್ತದೆ. ಅದಕ್ಕೆ ಒಂದು ಮೂಲೆ ಕಡಿದು, ಅಲ್ಲಿ ಮುಳ್ಳಿನ ಬರ್ಸಾರಿಯಾ ಅಥವಾ ವ್ಯಾಟಲ್ ಪೊದೆ ಕಟ್ಟುವವರೆಗೆ ಕಾದು, ಆಮೇಲೆ ಮುಂದಿನ ಮೂಲೆ. ನೀವು ನೋಡಿದ, ಬೇಕೆಂದೇ ಬಿಟ್ಟಂತೆ ಕಾಣುವ ಪೊದೆ ಬಹುಶಃ ನಿಜವಾಗಿ ಬೇಕೆಂದೇ ಬಿಟ್ಟದ್ದು.

ಬೆಂಕಿಯ ಬಗ್ಗೆಯೂ ಹೇಳಬೇಕು. ನಿಮ್ಮ ಭಾಗ ಧರುಗ್ ಜನರ ನೆಲ. ಈ ನೆಲದ ಮೂಲನಿವಾಸಿಗಳು ತಣ್ಣನೆಯ ಕಾಲದಲ್ಲಿ ಸಣ್ಣ ಬೆಂಕಿ ಹಾಕಿ ಹುಲ್ಲನ್ನು ಹೊಸದು ಮಾಡುತ್ತಿದ್ದರು. ವಸಾಹತು ಬಂದ ಮೇಲೆ ಅದು ನಿಂತಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುವುದೂ ಇದನ್ನೇ: ತರಗು ಬೆಂಕಿ ಹಾಕುತ್ತಿದ್ದಾಗ ಲಂಟಾನ ಅಂಕೆಯಲ್ಲಿತ್ತು, ಅರಣ್ಯ ಇಲಾಖೆ ನಿಲ್ಲಿಸಿದ ಮೇಲೆ ಬೆಟ್ಟವನ್ನೇ ಮುಚ್ಚಿತು. ಸಾಗರದ ಎರಡು ತೀರದಲ್ಲಿ, ಒಬ್ಬರಿಗೊಬ್ಬರು ಗೊತ್ತಿಲ್ಲದ ಜನ ಒಂದೇ ಮಾತು ಹೇಳುವಾಗ ವಿಜ್ಞಾನಿಗಳು ಅದನ್ನು ಗಂಭೀರವಾಗಿ ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 2019-20ರ ಭೀಕರ ಕಾಳ್ಗಿಚ್ಚಿನ ನಂತರ ಆಸ್ಟ್ರೇಲಿಯದಲ್ಲಿ ಅದನ್ನು ಕೇಳುವವರು ಹೆಚ್ಚಿದ್ದಾರೆ. ಆದರೆ ಇದು ಕೌನ್ಸಿಲ್, ಅಗ್ನಿಶಾಮಕ ದಳ, ಮೂಲನಿವಾಸಿ ಹಿರಿಯರು ಸೇರಿ ಮಾಡುವ ಕೆಲಸ. ಸ್ವಯಂಸೇವಕರು ಕಡ್ಡಿ ಗೀರುವಂತಿಲ್ಲ.

ಕೊನೆ ಇದೆಯೇ ಎಂದು ಕೇಳಿದ್ದೀರಿ. ಇಲ್ಲ. ಕಾಡಿನ ಒಳಭಾಗ ಒಂದು ಹದಕ್ಕೆ ಬಂದ ಮೇಲೆ ವರ್ಷಕ್ಕೆ ಒಂದೆರಡು ಸಲ ಕಣ್ಣಾಡಿಸಿದರೆ ಸಾಕಾಗುತ್ತದೆ, ಆದರೆ ಅಂಚು ಎಂದೂ ಬಿಡುವು ಕೊಡುವುದಿಲ್ಲ. ಕಾರಣ, ಕಳೆ ಬರುವುದೇ ನಮ್ಮ ಮನೆಗಳಿಂದ. ಇಲ್ಲಿನ ಮಣ್ಣು ಮೂಲತಃ ರಂಜಕ ಕಡಿಮೆ ಇರುವ ಮಣ್ಣು, ಕಾಡುಗಿಡಗಳು ಆ ಬಡತನಕ್ಕೇ ಒಗ್ಗಿಕೊಂಡಿವೆ. ಬ್ಯಾಂಕ್ಸಿಯಾ, ಗ್ರೆವಿಲಿಯಾಗಳಿಗೆ ರಂಜಕ ಹೆಚ್ಚಾದರೆ ವಿಷವೇ. ಲಾನಿಗೆ ಹಾಕಿದ ಗೊಬ್ಬರ, ಕಾರು ತೊಳೆದ ಸೋಪುನೀರು, ನಾಯಿಯ ಹೇಲು ಎಲ್ಲವೂ ಮಳೆನೀರಿನ ಪೈಪಿನಲ್ಲಿ ನೇರ ಹಳ್ಳಕ್ಕೆ ಇಳಿಯುತ್ತವೆ. ಕಾಡುಗಿಡ ಸೊರಗುತ್ತದೆ, ಕಳೆ ಕೊಬ್ಬುತ್ತದೆ. ಅಂಚಿನಲ್ಲಿ ಕಳೆ ಕೀಳುವವರು ವರ್ಷಪೂರ್ತಿ ದುಡಿದದ್ದನ್ನು ಬೇಲಿ ಮೇಲಿಂದ ಆಚೆ ಎಸೆದ ಒಂದು ಬುಟ್ಟಿ ಕತ್ತರಿಸಿದ ಹುಲ್ಲು ಹಾಳು ಮಾಡಬಲ್ಲದು. ಟ್ರಾಡ್ ಎಂಬ ನೆಲಬಳ್ಳಿಯ ಒಂದು ಗಿಣ್ಣು ಸಾಕು, ಬೇರುಬಿಡುತ್ತದೆ.

ಹೀಗಾಗಿ ಗುಂಪಿಗೆ ಸೇರುವ ಮುಂಚೆಯೇ ನೀವು ಮಾಡಬಹುದಾದ ದೊಡ್ಡ ಉಪಕಾರ ನಿಮ್ಮ ಬೇಲಿಯ ಒಳಗಿದೆ. ಹಿತ್ತಲ ಕಸವನ್ನು ಹಸಿರು ಮುಚ್ಚಳದ ಡಬ್ಬಿಗೇ ಹಾಕಿ. ಪೂಜೆಯ ಹೂವು, ಕಾಯಿ, ಅರಿಶಿನ ಕುಂಕುಮದ ನೀರನ್ನು ಹಳ್ಳಕ್ಕೆ ಬಿಡುವ ಅಭ್ಯಾಸ ನಮ್ಮವರಲ್ಲಿದೆ. ನಿರ್ಮಾಲ್ಯವನ್ನು ಮನೆಯ ಗಿಡದ ಬುಡಕ್ಕೆ ಹಾಕುವುದೂ ಶಾಸ್ತ್ರಕ್ಕೆ ಒಪ್ಪುವಂಥದ್ದೇ. ಗಣೇಶನನ್ನೂ ಬಕೆಟ್ಟಿನಲ್ಲಿ ಬಿಡಿ. ಹಿತ್ತಲಲ್ಲಿ ಪ್ರಿವೆಟ್, ಓಕ್ನಾ, ಆಸ್ಪ್ಯಾರಗಸ್ ಫರ್ನ್ ಇದ್ದರೆ ತೆಗೆದುಬಿಡಿ, ಏನಿದೆ ಎಂದು ತಿಳಿಯದಿದ್ದರೆ ಬುಷ್‌ಕೇರ್ ಮೇಲ್ವಿಚಾರಕರಿಗೆ ಒಂದು ರೆಂಬೆ ತೋರಿಸಿ.

ಇದರಿಂದ ಉಪಯೋಗವಿದೆಯೇ ಎಂಬುದಕ್ಕೆ ಸಿಡ್ನಿಯ ಹಂಟರ್ಸ್ ಹಿಲ್ ಬಡಾವಣೆಯ ಕೆಲ್ಲಿಸ್ ಬುಷ್ ಎಂಬ ಕಾಡನ್ನು ನೆನಪಿಸುತ್ತೇನೆ. 1970ರ ಹೊತ್ತಿಗೆ ಅಲ್ಲಿ ಮನೆ ಕಟ್ಟುವ ಯೋಜನೆ ಬಂದಾಗ ಬಡಾವಣೆಯ ಹದಿಮೂರು ಹೆಂಗಸರು ಎದ್ದು ನಿಂತರು. ಅವರ ಕೋರಿಕೆಗೆ ಜಾಕ್ ಮಂಡೆ ಮುಂದಾಳಾಗಿದ್ದ ಕಟ್ಟಡ ಕಾರ್ಮಿಕರ ಸಂಘ 1971ರಲ್ಲಿ ಆ ಜಾಗದಲ್ಲಿ ಕೆಲಸ ಮಾಡುವುದಿಲ್ಲ ಎಂದಿತು. ಪ್ರಪಂಚದ ಮೊದಲ ಗ್ರೀನ್ ಬ್ಯಾನ್ ಅದು. ಕಾಡು ಉಳಿಯಿತು. ಆದರೆ ಬುಲ್ಡೋಜರ್ ತಡೆದ ಮಾತ್ರಕ್ಕೆ ನಗರದ ಕಾಡು ಉಳಿಯುವುದಿಲ್ಲ, ಅದನ್ನು ಯಾರೋ ತಿಂಗಳು ತಿಂಗಳು ನೋಡಿಕೊಳ್ಳಬೇಕು. ಹಾಗೆ ನೋಡಿಕೊಂಡ ಕಾಡಿಗೂ ಬೇಲಿ ಹಾಕಿ ಬಿಟ್ಟುಬಿಟ್ಟ ಕಾಡಿಗೂ ಇರುವ ವ್ಯತ್ಯಾಸ ತಜ್ಞರೇ ಬೇಕಿಲ್ಲ, ಯಾರ ಕಣ್ಣಿಗಾದರೂ ಬೀಳುತ್ತದೆ.

ಬೆಂಗಳೂರಿನಲ್ಲಿ ಈ ಮನಸ್ಸು ಇಲ್ಲದಿಲ್ಲ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ನೆರೆಹೊರೆಯವರೇ 2010ರಿಂದ ಟ್ರಸ್ಟ್ ಮಾಡಿಕೊಂಡು ನೋಡಿಕೊಂಡರು. 2021ರಲ್ಲಿ ತುರಹಳ್ಳಿ ಕಾಡನ್ನು ಟ್ರೀ ಪಾರ್ಕ್ ಮಾಡುವ ಪ್ರಸ್ತಾಪ ಬಂದಾಗ ಜನ ಬೀದಿಗಿಳಿದು ತಡೆದರು. ಕೊರತೆಯಿರುವುದು ಕಣ್ಣಿನ ಅಭ್ಯಾಸದಲ್ಲಿ. ಜೂನ್ ಬಂತೆಂದರೆ ಶಾಲೆ, ಕಂಪನಿ, ಸಂಘಗಳೆಲ್ಲ ಖಾಲಿ ಕಂಡಲ್ಲಿ ಸಸಿ ನೆಡುತ್ತವೆ. ತುರಹಳ್ಳಿಯ ಕುರುಚಲು ಕಾಡು, ಹೆಸರಘಟ್ಟದ ಹುಲ್ಲುಗಾವಲು ಖಾಲಿ ಜಾಗಗಳಲ್ಲ, ತಮ್ಮಷ್ಟಕ್ಕೆ ತುಂಬಿದ ನೆಲೆಗಳು. ಹುಲ್ಲುಗಾವಲಿನ ನಡುವೆ ಮರದ ಸಾಲು ಎದ್ದರೆ ಅಲ್ಲೇ ಮೊಟ್ಟೆಯಿಡುವ ನೆಲಹಕ್ಕಿಗಳು ಜಾಗ ಬಿಡುತ್ತವೆ. ಅಲ್ಲಿ ಗುಂಪು ಕಟ್ಟುವವರು ಮೊದಲ ವರ್ಷ ಒಂದು ಸಸಿಯನ್ನೂ ನೆಡದೆ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಯಾವ ತಿಂಗಳು ಯಾವ ಹುಲ್ಲು, ಯಾವ ಹೂವು ಎಂದು ಬರೆದಿಟ್ಟುಕೊಂಡು, ಲಂಟಾನವನ್ನೂ ಪಾರ್ಥೇನಿಯಮ್ ಅನ್ನೂ ಒಳ್ಳೆಯ ಕಡೆಯಿಂದ ಕೀಳುತ್ತಾ ಬರಲಿ. ಬ್ರಾಡ್ಲಿ ಸೋದರಿಯರ ಮೂರು ನಿಯಮಗಳಲ್ಲಿ ಒಂದಕ್ಕೂ ಆಸ್ಟ್ರೇಲಿಯದ ಮಣ್ಣೇ ಬೇಕೆಂದಿಲ್ಲ.

ಇನ್ನು ಸೇರುವ ವಿಚಾರ. ಗಿಡಗಳ ಹೆಸರು ಗೊತ್ತಿರಬೇಕಿಲ್ಲ. ಕೌನ್ಸಿಲ್‌ನ ತರಬೇತಿ ಪಡೆದ ಮೇಲ್ವಿಚಾರಕರು ಜೊತೆಗಿರುತ್ತಾರೆ. ಮೊದಲ ದಿನ ಒಂದೇ ಒಂದು ಕಳೆಯನ್ನು ಗುರುತಿಸಲು ಕಲಿತು ಇಡೀ ಬೆಳಿಗ್ಗೆ ಅದನ್ನೇ ಕೀಳಿ, ಮುಂದಿನ ಸಲ ಇನ್ನೊಂದು. ಅನುಮಾನ ಬಂದರೆ ಕೀಳಬೇಡಿ, ಕೇಳಿ. ತಪ್ಪಿ ಬಿಟ್ಟ ಕಳೆ ಮುಂದಿನ ತಿಂಗಳು ಸಿಗುತ್ತದೆ, ತಪ್ಪಿ ಕಿತ್ತ ಕಾಡುಗಿಡ ಸಿಗುವುದಿಲ್ಲ. ಗಿಡ, ಪ್ರಾಣಿಗಳನ್ನು ಗುರುತಿಸುವ ಐನ್ಯಾಚುರಲಿಸ್ಟ್ ಆ್ಯಪ್ ಫೋನಿನಲ್ಲಿದ್ದರೆ ಮನೆಗೆ ಬಂದು ಫೋಟೋ ನೋಡಿ ಕಲಿಯಬಹುದು. ಕೈಗವಸು, ಚಾಕು, ಕತ್ತರಿ ಅವರೇ ಕೊಡುತ್ತಾರೆ. ತುಂಬುತೋಳಿನ ಅಂಗಿ, ಉದ್ದ ಪ್ಯಾಂಟ್, ಮುಚ್ಚಿದ ಶೂ, ಟೋಪಿ, ನೀರು ನಿಮ್ಮದು. ಫನಲ್ ವೆಬ್ ಜೇಡದ ಹೆದರಿಕೆ ಎಲ್ಲರಿಗೂ ಇರುತ್ತದೆ. 1981ರಲ್ಲಿ ಪ್ರತಿವಿಷ ಬಂದ ಮೇಲೆ ಅದರ ಕಡಿತದಿಂದ ಯಾರೂ ಸತ್ತಿಲ್ಲ. ಆದರೂ ಕೈಗವಸಿಲ್ಲದೆ ದಿಮ್ಮಿ ಕಲ್ಲುಗಳಡಿ ಕೈ ಹಾಕಬೇಡಿ. ಮನೆಗೆ ಬಂದು ರಕ್ತ ಹೀರುವ ಉಣ್ಣೆ ಹುಳು ಹತ್ತಿದೆಯೇ ಎಂದು ಕಿವಿಯ ಹಿಂದೆ, ಕಂಕುಳಲ್ಲಿ ನೋಡಿಕೊಳ್ಳಿ. ಮಕ್ಕಳನ್ನು ಕರೆತರುವುದಾದರೆ ಮೊದಲೇ ಹೇಳಿ, ತಂದೆತಾಯಿ ಜೊತೆಗಿರಬೇಕು.

ನಿಮ್ಮ ತಂದೆಯವರನ್ನು ಖಂಡಿತ ಕರೆದೊಯ್ಯಿರಿ, ಆದರೆ ಬರುವ ಮೊದಲು ಕೌನ್ಸಿಲ್‌ಗೆ ಒಂದು ಇಮೇಲ್ ಹಾಕಿ. ಹೆಸರು ನೋಂದಾಯಿಸಿದವರಿಗೆ ಮಾತ್ರ ಕೌನ್ಸಿಲ್‌ನ ವಿಮೆ ಅನ್ವಯಿಸುತ್ತದೆ. ವಯಸ್ಸು, ವೀಸಾ ಕುರಿತು ಅವರ ನಿಯಮವೇನು ಎಂಬುದನ್ನು ಅವರ ಬಾಯಿಂದಲೇ ಕೇಳಿಕೊಳ್ಳಿ. ರೈತರ ಕೈ ಕಳೆಯ ಬುಡವನ್ನು ಬೇಗ ಹುಡುಕುತ್ತದೆ, ಆ ವಿಷಯದಲ್ಲಿ ಅವರು ನಿಮಗಿಂತ ಮುಂದಿರುತ್ತಾರೆ. ಒಂದನ್ನು ಮಾತ್ರ ಮುಂಚೆಯೇ ತಿಳಿಸಿ ಹೇಳಿ: ಹೊಲದಲ್ಲಿ ಬೆಳೆ ಬಿಟ್ಟು ಉಳಿದದ್ದೆಲ್ಲ ಕಳೆ, ಸಾಲು ಚೊಕ್ಕಟವಾಗಿರಬೇಕು. ಇಲ್ಲಿ ನೆಲ ಬೋಳಾಗಬಾರದು, ಬಿದ್ದ ಕೊಂಬೆ, ಒಣಗಿದ ಹುಲ್ಲು, ತರಗೆಲೆ ಇದ್ದಲ್ಲೇ ಇರಬೇಕು. ಬೆಳಗಿನ ಕೆಲಸದ ನಡುವೆ ಎಲ್ಲರೂ ಕೂತು ಚಹಾ ಕುಡಿಯುತ್ತಾರೆ, ಆಗ ನೀವು ಪಕ್ಕದಲ್ಲಿದ್ದು ಅವರ ಮಾತನ್ನು ಇಂಗ್ಲಿಷಿಗೆ ಹೇಳಿ. ಕಳೆಯ ಬಗ್ಗೆ ಒಬ್ಬ ರೈತರನ್ನು ಕೇಳಲು ಆ ಗುಂಪಿನವರಿಗೆ ಸಾಕಷ್ಟು ಪ್ರಶ್ನೆಗಳಿರುತ್ತವೆ.